ಹೆಸರು ಹೊತ್ತ ಕಲ್ಲು, ಲೆಕ್ಕ ಹೊತ್ತ ಕಲ್ಲು

ಶಹಾಪುರ, ಸುರಪುರ, ಯಾದಗಿರಿ ಸೀಮೆಯ ಹಳೆಯ ಊರುಗಳಲ್ಲಿ ಅಗಸಿಯ ಬದಿಗೋ ಹನುಮಪ್ಪನ ಗುಡಿಯ ಕಟ್ಟೆಗೋ ಒರಗಿ ನಿಂತ ಒಂದು ಚಪ್ಪಡಿ ಕಣ್ಣಿಗೆ ಬೀಳುವುದುಂಟು. ಕತ್ತಿ ಹಿರಿದ ಆಳು, ಅವನ ಕಾಲಡಿ ಬಿದ್ದವರು, ಮೇಲೊಂದು ಲಿಂಗ, ಪಕ್ಕದಲ್ಲಿ ಬಸವ. ವರ್ಷಗಟ್ಟಲೆ ಹಚ್ಚಿದ ಎಣ್ಣೆ, ಹಬ್ಬಕ್ಕೊಮ್ಮೆ ಬಳಿದ ಸುಣ್ಣ ಸೇರಿ ಮುಖವೇ ಮುಚ್ಚಿಹೋಗಿರುತ್ತದೆ. ಯಾರದು ಎಂದು ಕೇಳಿದರೆ ‘ದೇವರ ಕಲ್ರೀ’ ಎನ್ನುತ್ತಾರೆ. ಕೈಮುಗಿಯುವವರಿಗೆ ಹೆಸರು ಗೊತ್ತಿರುವುದಿಲ್ಲ. ಹೆಸರು ಗೊತ್ತಿಲ್ಲವೆಂದು ಕೈಮುಗಿಯುವುದನ್ನು ಬಿಟ್ಟವರೂ ಇಲ್ಲ. ಅದು ವೀರಗಲ್ಲು, ಅಂದರೆ ಆ ಊರಿನ ಯುದ್ಧ ಸ್ಮಾರಕ.

ಯುದ್ಧ ಸ್ಮಾರಕವೆಂದರೆ ನಮ್ಮ ಮನಸ್ಸಿಗೆ ದೆಹಲಿಯ ಇಂಡಿಯಾ ಗೇಟ್ ಬರುತ್ತದೆ. ಯುರೋಪಿನವರಿಗೆ ಬರುವುದು ಊರ ಚೌಕದಲ್ಲಿ ನಿಂತ ಕಂಬ. 1918ರ ನಂತರ ಫ್ರಾನ್ಸ್ ದೇಶವೊಂದರಲ್ಲೇ ಇಂಥ 30,000ಕ್ಕೂ ಹೆಚ್ಚು ಕಂಬಗಳು ಎದ್ದವು. ಸತ್ತ ಊರ ಮಕ್ಕಳ ಹೆಸರನ್ನು ಅವುಗಳ ಮೇಲೆ ಒಂದರ ಕೆಳಗೊಂದು ಕೆತ್ತಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎಷ್ಟೋ ಹಳ್ಳಿಗಳು ತಮ್ಮ ಹೊಲದಲ್ಲಿ ವಿಮಾನ ಸಮೇತ ಬಿದ್ದು ಸತ್ತ ಮಿತ್ರಪಡೆಯ ಪರದೇಶಿ ಹುಡುಗರ ಹೆಸರನ್ನೂ ತಮ್ಮವರ ಸಾಲಿಗೆ ಸೇರಿಸಿಕೊಂಡವು. ನಮ್ಮ ಸೀಮೆಯಲ್ಲಿಯೂ ಪರರ ಯುದ್ಧಕ್ಕೆ ಹೋದವರಿದ್ದಾರೆ, ನಮ್ಮ ಯುದ್ಧಕ್ಕೆ ಬಂದ ಪರರಿದ್ದಾರೆ. ಅವರಲ್ಲಿ ಯಾರ ಹೆಸರು ಕಲ್ಲಿಗೆ ಏರಿತು, ಯಾರದು ಏರಲಿಲ್ಲ ಎಂಬುದಕ್ಕೆ ಬೇರೆಯದೇ ಒಂದು ಚರಿತ್ರೆ ಇದೆ.

ವೀರಗಲ್ಲು ಓದುವ ಬಗೆ

ವೀರಗಲ್ಲಿನ ಸಾಮಾನ್ಯ ರೂಪ ಮೂರು ಪಟ್ಟಿಕೆಗಳದ್ದು. ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಈಟಿ, ಕುದುರೆ, ಕೆಲವೊಮ್ಮೆ ಓಡುತ್ತಿರುವ ದನಗಳ ಹಿಂಡು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕೈಹಿಡಿದೋ ವಿಮಾನದಲ್ಲಿ ಕೂರಿಸಿಯೋ ಒಯ್ಯುತ್ತಿರುತ್ತಾರೆ. ಮೇಲಿನದು ಕೈಲಾಸ, ಅಲ್ಲಿ ಲಿಂಗದೆದುರು ಅವನು ಕೈಮುಗಿದು ಕುಳಿತಿದ್ದಾನೆ. ಜೈನನಾದರೆ ಲಿಂಗದ ಜಾಗದಲ್ಲಿ ಜಿನನಿರುತ್ತಾನೆ. ತುತ್ತತುದಿಯ ಸೂರ್ಯಚಂದ್ರರು ಈ ಕೀರ್ತಿ ತಾವಿರುವವರೆಗೂ ಇರಲಿ ಎಂಬುದರ ಗುರುತು. ಪಟ್ಟಿಕೆಗಳನ್ನು ಬೇರ್ಪಡಿಸುವ ಅಂಚುಗಳು ತುಸು ಉಬ್ಬಿರುತ್ತವೆ. ಬರಹವಿದ್ದರೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ.

ಎಲ್ಲ ಕಲ್ಲೂ ದೊಡ್ಡ ಯುದ್ಧದವಲ್ಲ. ಶಾಸನಗಳಲ್ಲಿ ಬರುವ ಮಾತುಗಳೇ ಇದನ್ನು ಹೇಳುತ್ತವೆ. ‘ತುರುಗೋಳ್’ ಎಂದರೆ ದನ ಹಿಡಿದೊಯ್ಯಲು ಬಂದವರ ಜೊತೆಗಿನ ಹೋರಾಟ, ‘ಪೆಣ್ಬುಯ್ಯಲ್’ ಎಂದರೆ ಹೆಂಗಸರ ಮಾನಕ್ಕಾಗಿ ನಡೆದದ್ದು, ‘ಊರಳಿವು’ ಎಂದರೆ ಊರನ್ನೇ ಸುಡಲು ಬಂದವರೆದುರು ನಿಂತದ್ದು. ರಾಜರ ಯುದ್ಧಗಳ ನಡುವೆ ಇಂಥ ಊರಜಗಳಗಳಲ್ಲಿ ಸತ್ತವರ ಕಲ್ಲುಗಳು ಕರ್ನಾಟಕದಲ್ಲಿ ಬಹಳ ಇವೆ. ದನ ಕಾಯುತ್ತಿದ್ದವನಿಗೂ ಕಲ್ಲು ಸಿಕ್ಕಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ.

ಕಲ್ಲಿನ ಜೊತೆಗೆ ಭೂಮಿಯೂ ಹೋಗುತ್ತಿತ್ತು. ಸತ್ತವನ ಮನೆಯವರಿಗೆ ಬಿಟ್ಟ ಹೊಲಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು, ‘ಬಾಳ್ಗಚ್ಚು’ ಎಂಬುದು ಇನ್ನೊಂದು ಮಾತು. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆ. ಕತ್ತಿಯ ರಕ್ತ ತೊಳೆದು ಕೊಟ್ಟ ದಾನ ಅದು. ಕಲ್ಲಿನ ಹೆಸರಿನಲ್ಲಿ ಬಿಟ್ಟದ್ದು ‘ಕಲ್ನಾಡು’. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಸ್ಮಾರಕ, ಪಿಂಚಣಿ ಎರಡನ್ನೂ ಒಂದೇ ಶಾಸನ ಹೇಳಿಬಿಡುತ್ತಿತ್ತು. ಈ ಎಲ್ಲವನ್ನೂ ಒಟ್ಟಿಗೆ ನೋಡಬೇಕೆನ್ನುವವರು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಹಿಡಿದು ಕೂರಬಹುದು. ಅದು ಬಂದ 1982ರಲ್ಲೇ ಎಸ್. ಷೆಟ್ಟರ್ ಮತ್ತು ಜರ್ಮನಿಯ ಸೊಂಥೈಮರ್ ಸೇರಿ ಭಾರತದ ಸ್ಮಾರಕಶಿಲೆಗಳ ಮೇಲೆ ಸಂಪಾದಿಸಿದ ದೊಡ್ಡ ಇಂಗ್ಲಿಷ್ ಗ್ರಂಥವೂ ಬಂತು.

ನಾಯಿಗೂ ಒಂದು ಕಲ್ಲು

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ನೆಲ ಅಗೆಯುವಾಗ ಒಂದು ವೀರಗಲ್ಲು ಮೇಲೆ ಬಂತು. ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ರಾಷ್ಟ್ರಕೂಟರ ಕಡೆಯವರು ನುಗ್ಗಿದಾಗ ತಡೆದು ಸತ್ತ ಕಿತ್ತಯ್ಯ ಎಂಬವನ ಕಲ್ಲು ಅದು. ರಾಜನಲ್ಲ, ದಂಡನಾಯಕನೂ ಅಲ್ಲ, ಆದರೂ ಸಾವಿರದ ಇನ್ನೂರು ವರ್ಷಗಳ ಮೇಲೆ ಮಣ್ಣಿನಿಂದ ಎದ್ದಾಗ ಅವನ ಹೆಸರು ಅವನ ಜೊತೆಗೇ ಇತ್ತು.

ಬೇಗೂರಿನ ಕಲ್ಲುಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಸುಮಾರು 890ರ ಒಂದು ಕಲ್ಲಿನಲ್ಲಿ ‘ಬೆಂಗುಳೂರು’ ಕಾಳಗದ ಮಾತು ಬರುತ್ತದೆ. ಇಂದಿನ ಮಹಾನಗರದ ಹೆಸರು ಮೊದಲು ಕಾಣುವುದು ಇಲ್ಲೇ ಎಂದು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಕಲ್ಲು ನಿಂತದ್ದು ಊರಿನ ಹೆಸರಿಗಾಗಿ ಅಲ್ಲ, ನಾಗತ್ತರನ ಮನೆಯವರಲ್ಲಿ ಆ ಕಾಳಗದಲ್ಲಿ ಸತ್ತವರಿಗಾಗಿ. ಇನ್ನೊಂದು ನಾಗತ್ತರನದೇ. ನೊಳಂಬರ ವೀರಮಹೇಂದ್ರನ ವಿರುದ್ಧ ಹೋರಾಡುತ್ತಿದ್ದ ಅಯ್ಯಪದೇವನಿಗೆ ನೆರವಾಗಲು ಗಂಗರ ಎರೆಯಪ್ಪ ದಂಡು ಕಳಿಸಿದ. ಅದರ ಮುಂದಾಳು ನಾಗತ್ತರ. ತುಂಬೆಪಾಡಿಯಲ್ಲಿ ಆನೆಗಳ ನಡುವೆ ಹೋರಾಡಿ ಬಿದ್ದ. ತನ್ನ ಊರಿಗಾಗಿ ಅಲ್ಲ, ಒಡೆಯನ ಮಿತ್ರನಿಗಾಗಿ. ‘ಮಿತ್ರಪಡೆ’ಯ ಯೋಧನೆಂಬ ಪದವಿಗೆ ಇವನಿಗಿಂತ ಹಳೆಯ ಹಕ್ಕುದಾರನನ್ನು ಹುಡುಕುವುದು ಕಷ್ಟ. ಅವನ ಪಟ್ಟವನ್ನು ಇರುಗನಿಗೆ ಕಟ್ಟಿ ಬೇಗೂರು ಹನ್ನೆರಡನ್ನು ಬಿಟ್ಟುಕೊಟ್ಟರು. ಆ ಭವ್ಯವಾದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆತಕೂರಿನ ಕಲ್ಲು ಇವೆರಡನ್ನೂ ಮೀರಿಸುತ್ತದೆ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧ ನಡೆಯಿತು. ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರನ ಶೌರ್ಯಕ್ಕೆ ಒಡೆಯ ಮೆಚ್ಚಿ ಏನು ಬೇಕು ಎಂದಾಗ ಮಣಲೆರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂಬ ಶಾಪವೂ ಶಾಸನದಲ್ಲಿದೆ. ದಕ್ಷಿಣ ಭಾರತದ ಹಣೆಬರಹವನ್ನೇ ಅಲುಗಿಸಿದ ಯುದ್ಧದ ಮುಖ್ಯ ದಾಖಲೆಗಳಲ್ಲಿ ಒಂದು ನಮಗೆ ಸಿಕ್ಕಿದ್ದು ಒಂದು ನಾಯಿಯ ಸಮಾಧಿಗಲ್ಲಿನಿಂದ!

ಹೆಸರಿಲ್ಲದ ಸಾಲು: ವಿಭೂತಿಹಳ್ಳಿ, ರಾಜನಕೋಳೂರು

ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಗುಂಡುಗಳನ್ನು ಸಾಲುಸಾಲಾಗಿ, ಓರೆಗೆರೆಗಳಲ್ಲಿ ಕೂಡುವ ಹಾಗೆ ಇಟ್ಟಿದ್ದಾರೆ. ತಾನಾಗಿ ಉರುಳಿ ಬಂದವಲ್ಲ, ಅಳತೆ ಹಿಡಿದು ಕೂರಿಸಿದವು. ಸುರಪುರದ ಕಡೆಯ ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳಿವೆ. ಜನ ಅವನ್ನು ಮೋರಿಯರ ಮನೆಗಳೆಂದು ಕರೆಯುತ್ತ ಬಂದಿದ್ದಾರೆ. ಎರಡೂ ಬೃಹತ್ ಶಿಲಾಯುಗದ ಕಾಲದವೆಂದು ಗುರುತಿಸಿ ಭಾರತೀಯ ಪುರಾತತ್ತ್ವ ಇಲಾಖೆ ಕಾಪಾಡುತ್ತಿದೆ. ಓದುಬಲ್ಲ ಜಗತ್ತಿಗೆ ಮೊದಲು ಇವುಗಳ ಬಗ್ಗೆ ಹೇಳಿದವನು ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, 1850ರ ದಶಕದಲ್ಲಿ.

ಇವು ಯುದ್ಧದ ಕಲ್ಲುಗಳಲ್ಲ. ಆದರೂ ಇಲ್ಲಿ ತಂದದ್ದಕ್ಕೆ ಕಾರಣವಿದೆ. ಸತ್ತವರಿಗಾಗಿ ಕಲ್ಲು ಎತ್ತುವ ರೂಢಿ ಈ ನೆಲದಲ್ಲಿ ಅಕ್ಷರಕ್ಕಿಂತ ಹಳೆಯದು. ಅಕ್ಷರ ಬಂದ ಮೇಲೆ ಕಲ್ಲಿಗೆ ಹೊಸದಾಗಿ ಸೇರಿದ್ದು ಹೆಸರು.

ವಾಗಣಗೇರಾ, 1705

ಸುರಪುರದ ನೆರೆಯ ವಾಗಣಗೇರಾ ಬೇಡ ನಾಯಕರ ಹಳೆಯ ನೆಲೆ. ಎಂಬತ್ತೇಳರ ಹತ್ತಿರದ ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇಲ್ಲಿಯದು. 1705ರ ಫೆಬ್ರುವರಿಯಲ್ಲಿ ಶುರುವಾಗಿ ಏಪ್ರಿಲ್ ಕೊನೆಯವರೆಗೆ ಎಳೆಯಿತು. ಕೋಟೆಯೊಳಗೆ ಪಿಡ್ಡನಾಯಕ ಮತ್ತು ಅವನ ಬೇಡರ ಬಂದೂಕುಪಡೆ. ಹೊರಗಿನಿಂದ ನೆರವಿಗೆ ಬಂದವನು ಮರಾಠರ ಧನಾಜಿ ಜಾಧವ. ಮರಾಠ ಸರದಾರರ ಹೆಂಡಿರುಮಕ್ಕಳು ಆಗ ಈ ಕೋಟೆಯಲ್ಲೇ ಆಸರೆ ಪಡೆದಿದ್ದರು, ಹಾಗಾಗಿ ಈ ಗೆಳೆತನಕ್ಕೆ ಮಾತುಕೊಟ್ಟದ್ದಕ್ಕಿಂತ ಗಟ್ಟಿಯಾದ ಕಾರಣವಿತ್ತು. ಕೊನೆಗೆ ಮೊಗಲರಿಗೆ ಸಿಕ್ಕಿದ್ದು ಬೆಂಕಿ ಹತ್ತಿದ ಬರಿದಾದ ಕೋಟೆ. ನಾಯಕ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದ. ಬಾದಶಹ ಹತ್ತಿರದ ದೇವಾಪುರದಲ್ಲಿ ಬಿಡಾರ ಹೂಡಿ ಅಲ್ಲೇ ಜಡ್ಡಿಗೆ ಬಿದ್ದ. ಹುಷಾರಾಗಿ ಎದ್ದು ಹೊರಟರೂ ಆಮೇಲೆ ಅವನು ಬದುಕಿದ್ದು ಎರಡು ವರ್ಷವೂ ಇಲ್ಲ.

ಎರಡು ಸೈನ್ಯ, ಮೂರು ನಾಡಿನ ಜನ, ತಿಂಗಳುಗಟ್ಟಲೆ ಕಾಳಗ. ಪಾರಸಿ ತವಾರೀಖುಗಳಲ್ಲಿ ಸರದಾರರ ಹೆಸರುಗಳಿವೆ, ಗೋಡೆಯ ಬುಡದಲ್ಲಿ ಬಿದ್ದವರವು ಇಲ್ಲ.

ಸುರಪುರ, 1858

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಮೆಡೋಸ್ ಟೇಲರ್ ತನಗಾಗಿ ಕಟ್ಟಿಸಿಕೊಂಡದ್ದು. ಅಲ್ಲಿ ನಿಂತರೆ ಊರು, ಕೆರೆ, ಸುತ್ತಿನ ಬಂಡೆಗುಡ್ಡ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಲಿವರ್‌ಪೂಲಿನಲ್ಲಿ ಹುಟ್ಟಿ, ನಿಜಾಮರ ನೌಕರಿಗೆ ಸೇರಿ, ಠಕ್ಕರ ಮೇಲೆ ಕಾದಂಬರಿ ಬರೆದು ಹೆಸರಾಗಿದ್ದ ಟೇಲರ್ 1840ರ ದಶಕದ ಮೊದಲಲ್ಲಿ ಇಲ್ಲಿಗೆ ಬಂದ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ, ಮಗ ವೆಂಕಟಪ್ಪ ಇನ್ನೂ ಚಿಕ್ಕವ, ರಾಣಿ ಈಶ್ವರಮ್ಮನ ಕೈಯಲ್ಲಿ ಆಡಳಿತ. ಹುಡುಗ ದೊಡ್ಡವನಾಗಿ 1853ರಲ್ಲಿ ಪಟ್ಟ ಹಿಡಿಯುವವರೆಗೆ ಸಂಸ್ಥಾನದ ಲೆಕ್ಕಪತ್ರ, ಸಾಲ, ಹುಡುಗನ ಓದು ಎಲ್ಲವನ್ನೂ ಟೇಲರ್ ನೋಡಿಕೊಂಡ. ವೆಂಕಟಪ್ಪ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿದಾಗ ನಾಲ್ವಡಿ ರಾಜಾ ವೆಂಕಟಪ್ಪ ನಾಯಕನಿಗೆ ಇಪ್ಪತ್ತೈದೂ ದಾಟಿರಲಿಲ್ಲ. ಪೇಶ್ವೆಯ ಕಡೆಯವರೊಂದಿಗೆ ಅವನು ಸಂಪರ್ಕ ಇಟ್ಟುಕೊಂಡಿದ್ದಾನೆಂಬ ಗುಮಾನಿ ಬ್ರಿಟಿಷರಿಗೆ ಬಲವಾಯಿತು. ಕ್ಯಾಪ್ಟನ್ ರೋಸ್ ಕ್ಯಾಂಪ್ಬೆಲ್ ಮಾತುಕತೆಗೆಂದು ಬಂದ, ಮಾತು ಹರಿಯಲಿಲ್ಲ. 1858ರ ಫೆಬ್ರುವರಿ ಮೊದಲ ವಾರ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಹೈದರಾಬಾದ್ ಕಂಟಿಂಜೆಂಟಿನ ಪಡೆ ಸುರಪುರದ ಕಣಿವೆಯಲ್ಲಿ ಬೀಡುಬಿಟ್ಟಿತು. ಅದರ ಮೇಲೆ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರ‍್ರಿ ಬಿದ್ದ. ಅವನ ಕೈಕೆಳಗಿನ ಲೆಫ್ಟಿನೆಂಟ್ ಸ್ಟೂವರ್ಟ್ ಪೆಟ್ಟು ತಿಂದು ಮತ್ತೆ ಏಳಲಿಲ್ಲ. ಪಡುವಣದಿಂದ ಕರ್ನಲ್ ಮಾಲ್ಕಮ್, ಮೂಡಣದಿಂದ ಕರ್ನಲ್ ಹ್ಯೂಸ್ ದಂಡು ತರುತ್ತಿದ್ದರು. ರಾಜ ಊರು ಬಿಟ್ಟು ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಹಿಡಿಸಿ ಬ್ರಿಟಿಷ್ ರೆಸಿಡೆಂಟನ ಕೈಗೆ ಒಪ್ಪಿಸಿದ.

ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ತಾನೇನು ಕಳ್ಳನಲ್ಲ, ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ರಾಜ ಕೇಳಿಕೊಂಡದ್ದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಮರಣದಂಡನೆ ಕರಗಿ ಗಡೀಪಾರಾಯಿತು, ಅದೂ ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸ ಎಂದಾಯಿತು. ಅಲ್ಲಿಗೆ ಹೊರಟ ದಾರಿಯ ಮೊದಲ ಬಿಡಾರದಲ್ಲೇ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗಲಿ ರಾಜ ಸತ್ತ. ಕೈತಪ್ಪಿ ಹಾರಿತೋ, ಹಾರಿಸಿಕೊಂಡನೋ ಎಂಬ ಪ್ರಶ್ನೆ ಅಂದೇ ಎದ್ದಿತು. ಸುರಪುರದ ಸುತ್ತಿನ ಜನ ಕೇಳುವ ಮೂರನೆಯ ಪ್ರಶ್ನೆಯೂ ಒಂದಿದೆ: ಹಾರಿಸಿದವರು ಯಾರು?

1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಇನಾಮಾಗಿ ಬಿಟ್ಟುಕೊಟ್ಟರು, ದಂಗೆಯ ಕಾಲದಲ್ಲಿ ತಮ್ಮ ಕಡೆ ನಿಂತದ್ದಕ್ಕಾಗಿ. ಬಿದ್ದ ಇಂಗ್ಲಿಷ್ ಅಧಿಕಾರಿಗಳ ಹೆಸರು ದಳ, ದರ್ಜೆ ಸಮೇತ ಕಾಗದದಲ್ಲಿ ಉಳಿಯಿತು. ರಾಜನ ಹೆಸರು ಜನರ ಬಾಯಲ್ಲಿ ಉಳಿಯಿತು. ಕಂಟಿಂಜೆಂಟಿನ ಕಡೆ ಸತ್ತ ಸಿಪಾಯಿಯೂ ರಾಜನ ಕಡೆ ಸತ್ತ ಬೇಡನೂ ಬಹುತೇಕ ಇದೇ ದಖ್ಖನ್ನಿನ ಮಣ್ಣಿನವರು. ಎರಡೂ ಕಡೆಯವರ ಹೆಸರನ್ನು ಒಂದೇ ಕಲ್ಲಿನಲ್ಲಿ ಬರೆಯುವ ಧೈರ್ಯ ಆಗ ಯಾರಿಗೂ ಬರುವಂತಿರಲಿಲ್ಲ.

ಆ ಕಂಟಿಂಜೆಂಟಿನ ಮುಂದಿನ ಕಥೆಯನ್ನೂ ಹೇಳಿಬಿಡಬೇಕು. ಅದು 1903ರಲ್ಲಿ ಭಾರತೀಯ ಸೈನ್ಯದಲ್ಲಿ ಕರಗಿತು. ಅದರ ಕುದುರೆ ದಳವೊಂದು ಡೆಕ್ಕನ್ ಹಾರ್ಸ್ ಎಂಬ ಹೆಸರಿನಲ್ಲಿ 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ರಣಾಂಗಣದಲ್ಲಿ, ಮಷಿನ್ ಗನ್ನುಗಳ ಎದುರಿಗೆ ಈಟಿ ಹಿಡಿದು ನುಗ್ಗಿತು. ಕಾಲಾಳು ದಳಗಳು 19ನೇ ಹೈದರಾಬಾದ್ ರೆಜಿಮೆಂಟಾಗಿ, 1945ರಲ್ಲಿ ಕುಮಾವೂಂ ರೆಜಿಮೆಂಟ್ ಆದವು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಬರ್ಮಾದ ಕಾಡಿನಲ್ಲಿ ದಂಡು ನಡೆಸಿದ್ದು ಈ ಹೈದರಾಬಾದ್ ರೆಜಿಮೆಂಟಿನ ಪಲ್ಟನ್ನಿನ ಮುಂದೆಯೇ.

‘ನಿಷ್ಠಾವಂತ ಮಿತ್ರ’ನ ಸವಾರರು

1914ರಲ್ಲಿ ಮಹಾಯುದ್ಧ ಶುರುವಾದಾಗ ಶಹಾಪುರ ಸುರಪುರಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. ತುರ್ಕಿ ಜರ್ಮನಿಯ ಕಡೆ ಸೇರಿದಾಗ ಬ್ರಿಟಿಷರಿಗೆ ದಿಗಿಲು ಹತ್ತಿತ್ತು: ಖಲೀಫನ ವಿರುದ್ಧ ಭಾರತದ ಮುಸಲ್ಮಾನ ಸಿಪಾಯಿ ಹೋರಾಡುತ್ತಾನೆಯೇ? ನಿಜಾಮ ಬ್ರಿಟಿಷರ ಪರ ನಿಲ್ಲುವಂತೆ ಬಹಿರಂಗವಾಗಿ ಕರೆಕೊಟ್ಟ. ಯುದ್ಧ ಮುಗಿಯುವ ಹೊತ್ತಿಗೆ ಅವನ ಬಿರುದುಗಳ ಸಾಲಿಗೆ ‘ಬ್ರಿಟಿಷ್ ಸರ್ಕಾರದ ನಿಷ್ಠಾವಂತ ಮಿತ್ರ’ ಎಂಬುದೂ ಸೇರಿತು.

ಹೈದರಾಬಾದ್ ಲ್ಯಾನ್ಸರ್ಸ್, ಮೈಸೂರು ಲ್ಯಾನ್ಸರ್ಸ್ ಎರಡೂ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದವು. ಮುಂದೆ ಜೋಧಪುರದ ಸವಾರರೂ ಕೂಡಿಕೊಂಡು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಬಂದರಿನ ಮೇಲೆ ದಾಳಿ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಬದಿಯಿಂದ ಏರಿ ಮೇಲಿದ್ದ ತೋಪುಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನ ದಾರಿಯಲ್ಲಿ ಊರಿಗೆ ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಗುಂಡಿಗೆ ಬಿದ್ದ. ಸಂಜೆಯ ಹೊತ್ತಿಗೆ 1,350 ಕೈದಿಗಳು, 17 ತೋಪುಗಳು ಕೈಸೇರಿದ್ದವು. ಗೆದ್ದವರ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳು 60 ಸತ್ತವು. ಕುದುರೆ ಸವಾರರು ಈಟಿ ಹಿಡಿದು ಒಂದು ಕೋಟೆ ಊರನ್ನು ಗೆದ್ದ ಕೊನೆಯ ಪ್ರಸಂಗಗಳಲ್ಲಿ ಇದೂ ಒಂದು. ಆ ಯುದ್ಧದಲ್ಲಿ ಹೈದರಾಬಾದಿನವರಿಗೆ ಬಂದ ಪಾಲು ಕೈದಿಗಳ ಕಾವಲಿನಂಥ ಹಿಂಬದಿಯ ಕೆಲಸವೆಂದು ಸಾಮಾನ್ಯವಾಗಿ ಹೇಳುತ್ತಾರೆ.

ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳು ಈ ಮೂರು ಸಂಸ್ಥಾನದ ಸವಾರರವೇ. ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ ಮಾಡಿದ್ದು, 1920ರ ದಶಕದಲ್ಲಿ ನಿಂತದ್ದು. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ಅಲ್ಲಿ ಓಡಾಡುವ ಲಕ್ಷಾಂತರ ಜನರಲ್ಲಿ ಆ ಮೂವರಲ್ಲಿ ಒಬ್ಬ ನಿಜಾಮರ ಸೀಮೆಯವನು, ಇನ್ನೊಬ್ಬ ಮೈಸೂರಿನವನು ಎಂದು ಎಷ್ಟು ಜನಕ್ಕೆ ಗೊತ್ತೋ! ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಕಂಬವಿದೆ, ಅದರಲ್ಲಿ ಸತ್ತವರ ಹೆಸರುಗಳಿವೆ. ದೆಹಲಿಯ ಕಂಚಿಗಿಂತ ನನಗೆ ಈ ಸಣ್ಣ ಕಂಬವೇ ಹೆಚ್ಚು.

ಎರಡನೆಯ ಮಹಾಯುದ್ಧದಲ್ಲಿಯೂ ನಿಜಾಮರ ದಂಡು ಮಿತ್ರಪಡೆಯೊಳಗಿತ್ತು. 1941ರ ಡಿಸೆಂಬರ್ 8ರ ನಡುರಾತ್ರಿ ಮಲಯಾದ ಕೋಟಾ ಬಾರು ಕಡಲತೀರಕ್ಕೆ ಜಪಾನಿಯರು ಇಳಿದಾಗ ಅಲ್ಲಿನ ವಿಮಾನ ನಿಲ್ದಾಣದ ಕಾವಲಿಗಿದ್ದದ್ದು ಹೈದರಾಬಾದ್ ಸಂಸ್ಥಾನದ ಕಾಲಾಳು ಪಲ್ಟನ್ನು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳುವುದಕ್ಕೆ ಇನ್ನೂ ಒಂದು ತಾಸಿಗಿಂತ ಹೆಚ್ಚು ಹೊತ್ತಿತ್ತು.

ಊರಿಗೊಂದು ಫಲಕ, ಫಲಕಕ್ಕೊಂದು ಅಂಕಿ

ಮೊದಲ ಯುದ್ಧಕ್ಕೆ ಭಾರತದಿಂದ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು, ಮರಳಿ ಬಾರದವರು ಸುಮಾರು 74,000. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಹೆಚ್ಚು ಆಳುಗಳನ್ನು ಕೊಟ್ಟ ಹಳ್ಳಿಗಳಿಗೆ ಪುಟ್ಟ ಕಲ್ಲಿನ ಫಲಕಗಳನ್ನು ಕೊಟ್ಟಿತು. ಪಂಜಾಬಿನಲ್ಲಿ, ಮದ್ರಾಸಿನಲ್ಲಿ, ಮಹಾರಾಷ್ಟ್ರದಲ್ಲಿ ಚಾವಡಿಯ ಗೋಡೆಗೋ ಬಾವಿಕಟ್ಟೆಗೋ ಮೆತ್ತಿದ ಅವುಗಳನ್ನು ಇಂದಿಗೂ ನೋಡಬಹುದು. ಎಲ್ಲದರಲ್ಲೂ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಈ ಹಳ್ಳಿಯಿಂದ ಇಷ್ಟು ಜನ 1914–1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಎರಡು ಅಂಕಿಗಳ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಅಚ್ಚಿನಲ್ಲಿ ಒತ್ತಿದಂತಿದೆ. ಸಾತಾರಾ ಜಿಲ್ಲೆಯ ಅಪಶಿಂಗೆಯಲ್ಲಿ ಇಂಥ ಅಂಕಿ 46. ಮನೆಗೊಬ್ಬನಂತೆ ಸೈನ್ಯಕ್ಕೆ ಕಳಿಸುವ ಆ ಊರನ್ನು ಈಗ ಮಿಲಿಟರಿ ಅಪಶಿಂಗೆ ಎಂದೇ ಕರೆಯುತ್ತಾರೆ.

ನೂರು ಮನೆಯ ಹಳ್ಳಿಯಲ್ಲಿ ನಾಲ್ವರು ಸತ್ತರೆ ಆ ನಾಲ್ಕು ಹೆಸರು ಬರೆಯಲು ಎಷ್ಟು ಜಾಗ ಬೇಕು? ಹಳ್ಳಿಯವರಿಗೆ ಹೇಗೂ ಗೊತ್ತು ಎಂದುಕೊಂಡರೋ, ಅಂಕಿಯೇ ಸಾಕು ಎಂದುಕೊಂಡರೋ. ಮೂರು ತಲೆಮಾರು ಕಳೆದರೆ ಹಳ್ಳಿಯವರಿಗೂ ಗೊತ್ತಿರುವುದಿಲ್ಲ, ಅಂಕಿ ಮಾತ್ರ ಗಟ್ಟಿಯಾಗಿ ಇರುತ್ತದೆ. ಹತ್ತು ಶತಮಾನಗಳ ಹಿಂದೆ ಒಂದು ನಾಯಿಯ ಹೆಸರನ್ನು ಬಿಡದೆ ಬರೆದ ನಾಡಿನಲ್ಲಿ ಹೀಗಾಯಿತು.

ಬಸ್ರಾದ ಗೋಡೆ

ಬ್ರಿಟಿಷ್ ಸಾಮ್ರಾಜ್ಯ ಬಾಯಲ್ಲಿ ಹೇಳಿಕೊಂಡ ನಿಯಮ ಮಾತ್ರ ಬೇರೆಯೇ ಇತ್ತು. 1917ರಲ್ಲಿ ಫೇಬಿಯನ್ ವೇರ್ ಎಂಬವನ ಪಟ್ಟುಹಿಡಿತದಿಂದ ಹುಟ್ಟಿದ ಯುದ್ಧಸಮಾಧಿ ಆಯೋಗದ ಮೂಲ ಮಾತೇ ಸಮಾನತೆ. ಸತ್ತ ಪ್ರತಿಯೊಬ್ಬನಿಗೂ ಹೆಸರು, ದರ್ಜೆ ಜಾತಿ ಮತದ ಭೇದವಿಲ್ಲದೆ. ಫ್ರಾನ್ಸಿನ ನ್ಯೂವ್ ಶಾಪೆಲಿನಲ್ಲಿ 1927ರಲ್ಲಿ ತೆರೆದ ಭಾರತೀಯ ಸ್ಮಾರಕ ಈ ಮಾತಿಗೆ ನಿಂತಿತು. ಅಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ಯುರೋಪಿನ ಕಣ್ಣಿನಿಂದ ದೂರವಾದಂತೆ ಮಾತು ಸಡಿಲಾಯಿತು. ಭಾರತದ ಸಿಪಾಯಿಗಳು ಅತಿ ಹೆಚ್ಚು ಸತ್ತದ್ದು ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಅಲ್ಲಿನ ಬಸ್ರಾ ಸ್ಮಾರಕ 1929ರಲ್ಲಿ ತೆರೆಯಿತು. ಬ್ರಿಟಿಷರಲ್ಲಿ ಸಾಮಾನ್ಯ ಸೈನಿಕನಿಗೂ ಹೆಸರು, ಭಾರತೀಯರಲ್ಲಿ ಅಧಿಕಾರಿಗೆ ಮಾತ್ರ. ಉಳಿದವರು ಆಯಾ ದಳದ ಕೆಳಗೆ ‘ಮತ್ತು ಇತರ ಭಾರತೀಯ ಸೈನಿಕರು’ ಎಂಬ ಮಾತಿನ ಜೊತೆ ಒಂದು ಅಂಕಿಯಾದರು. 1997ರಲ್ಲಿ ಸದ್ದಾಂ ಹುಸೇನನ ಆಜ್ಞೆಯಂತೆ ಆ ಇಡೀ ಸ್ಮಾರಕವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮರುಭೂಮಿಗೆ ಸಾಗಿಸಿದರು. ಜಾಗ ಬದಲಾಯಿತು, ಅಂಕಿ ಅಂಕಿಯಾಗಿಯೇ ಉಳಿಯಿತು.

ಆಯೋಗ ಇದನ್ನು ಒಪ್ಪಿಕೊಂಡದ್ದು 2021ರ ಏಪ್ರಿಲ್‌ನಲ್ಲಿ. ಅದೇ ನೇಮಿಸಿದ್ದ ಸಮಿತಿಯ ವರದಿಯ ಪ್ರಕಾರ ಆಫ್ರಿಕಾ ಮತ್ತು ಏಷ್ಯಾದ ಸುಮಾರು 45,000ದಿಂದ 54,000 ಮಂದಿಗೆ ಅಸಮಾನ ಗೌರವ ಸಿಕ್ಕಿದೆ. ಇನ್ನೂ ಕನಿಷ್ಠ 1,16,000 ಮಂದಿಗೆ ಹೆಸರು ಸಮೇತ ಸ್ಮರಣೆಯೇ ಇಲ್ಲ. ಈ ಸಂಖ್ಯೆ 3,50,000ದವರೆಗೂ ಹೋಗಬಹುದು. ಕ್ಷಮೆ ಕೇಳಿದರು. ಹೆಸರು ಹುಡುಕಿ ಸೇರಿಸುವ ಕೆಲಸ ನಡೆಯುತ್ತಿದೆ. ಆಯೋಗದ ದಾಖಲೆಗಳು ಈಗ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತವೆ. ಎಷ್ಟೋ ಭಾರತೀಯ ಸಿಪಾಯಿಗಳ ಹೆಸರಿನ ಎದುರು ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಲ್ಲ ಬರೆದಿದೆ. ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಊರ ಹೆಸರುಗಳು ವಿಚಿತ್ರ ಆಕಾರ ತಾಳಿರುತ್ತವೆ. ಸುರಪುರವನ್ನು ‘ಶೋರಾಪುರ’ ಎಂದವರಲ್ಲವೇ. ಹುಡುಕುವವರು ನಾಲ್ಕಾರು ಬಗೆಯ ಕಾಗುಣಿತ ಹಾಕಿ ನೋಡಬೇಕು.

ಗೋರಟಾ

1947ರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮನ ಕೈಯಲ್ಲಿದ್ದ ಈ ಸೀಮೆಗೆ ಬರಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ಆ ಹದಿಮೂರು ತಿಂಗಳಲ್ಲಿ ಊರೂರಿನಲ್ಲಿ ಹೆಣ ಬಿದ್ದವು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ನಡೆದದ್ದು ಎಲ್ಲಕ್ಕಿಂತ ಘೋರ. ಸತ್ತವರು 200ಕ್ಕೂ ಹೆಚ್ಚು ಎಂದು ಹೇಳುತ್ತಾರೆ. ಸೈನಿಕರಲ್ಲ, ಊರಿನ ಜನ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಗೋರಟಾದಲ್ಲಿ ಹುತಾತ್ಮರ ಸ್ಮಾರಕವೂ 103 ಅಡಿ ಎತ್ತರದ ಧ್ವಜಸ್ತಂಭವೂ 2023ರ ಮಾರ್ಚ್ 26ರಂದು ಉದ್ಘಾಟನೆಯಾದವು, ಎಪ್ಪತ್ತೈದು ವರ್ಷ ಕಳೆದ ಮೇಲೆ. ಸೆಪ್ಟೆಂಬರ್ 17ನ್ನು ಈ ಭಾಗದವರು ಧ್ವಜ ಹಾರಿಸಿ ಆಚರಿಸುತ್ತಾರೆ. ಹಳಬರಿಗೆ ಅದು ಇಂದಿಗೂ ವಿಮೋಚನಾ ದಿನವೇ.

ಪಂಚಾಯ್ತಿ ಅಂಗಳದ ಶಿಲಾಫಲಕ

ಸ್ವತಂತ್ರ ಭಾರತ ಹೆಸರು ಕೆತ್ತುವ ರೂಢಿಗೆ ಮರಳಿದೆ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ, ಒಬ್ಬೊಬ್ಬನಿಗೂ ಒಂದೊಂದು ಕಲ್ಲಿನ ಹಲಗೆ. ಬೆಂಗಳೂರಿನ ಸೈನಿಕ ಸ್ಮಾರಕದಲ್ಲೂ ಹೆಸರಿನ ಹಲಗೆಗಳ ಸಾಲಿದೆ. ಅಲ್ಲಿಗೆಂದೇ ಕಡೆದ 75 ಅಡಿಯ ಏಕಶಿಲೆಗೆ ಇಟ್ಟ ಹೆಸರು ‘ವೀರಗಲ್ಲು’.

ಹಳ್ಳಿಗೆ ಇದು ತಲುಪಿದ್ದು 2023ರ ಆಗಸ್ಟಿನಲ್ಲಿ, ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದ ಮೂಲಕ. ಗ್ರಾಮ ಪಂಚಾಯ್ತಿಗೊಂದು ಶಿಲಾಫಲಕ, ಅದರಲ್ಲಿ ದೇಶಕ್ಕಾಗಿ ಪ್ರಾಣ ಕೊಟ್ಟ ಊರವರ ಹೆಸರು ಇರಬೇಕೆಂಬುದು ಯೋಜನೆ. ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಫಲಕಗಳು ಎದ್ದವು. ಕೆರೆಯ ದಂಡೆಯಲ್ಲೋ ಶಾಲೆಯ ಅಂಗಳದಲ್ಲೋ ಅವು ನಿಂತಿವೆ. ಲಾಂಛನ, ಸಂದೇಶ, ಅಭಿಯಾನದ ಹೆಸರು ಎಲ್ಲವೂ ಮೇಲಿನಿಂದ ಬಂದವು, ಊರು ತುಂಬಬೇಕಾದ್ದು ಹೆಸರಿನ ಜಾಗವೊಂದನ್ನೇ. ಆ ಜಾಗ ತುಂಬಲು ಯಾರಾದರೂ ಹಿರಿಯರ ಬಳಿ ಕೂತು, ಹಳೆಯ ಪಿಂಚಣಿ ಕಾಗದ ತೆಗೆಸಿ, ನಿಜಾಮರ ಕಾಲದ ದಂಡಿಗೆ ಹೋದವರಿದ್ದರೇ ಎಂದು ಕೇಳಬೇಕಾಗುತ್ತದೆ. ಫಲಕ ಕೆತ್ತಿಸುವುದಕ್ಕಿಂತ ದೊಡ್ಡ ಕೆಲಸ ಅದೇ.

ಅಕ್ಷರ ಉಳಿಸಿಕೊಳ್ಳುವುದು

ಹೊಸ ಫಲಕದಿಂದ ನೂರು ಹೆಜ್ಜೆ ದೂರದಲ್ಲಿ ಹಳೆಯ ವೀರಗಲ್ಲು ಇದ್ದರೆ ಅದಕ್ಕೂ ಒಂದಿಷ್ಟು ಮಾಡಬಹುದು. ಮೊದಲನೆಯದು, ಎನಾಮಲ್ ಬಣ್ಣ ಬೇಡ. ಜಾತ್ರೆಗೆಂದು ಗುಡಿಗೆ ಬಣ್ಣ ಹೊಡೆಯುವವರು ಪ್ರೀತಿಯಿಂದಲೇ ಕಲ್ಲಿಗೂ ಹೊಡೆದುಬಿಡುತ್ತಾರೆ. ಬಣ್ಣ ಅಕ್ಷರದ ಗೆರೆಯೊಳಗೆ ಕೂತರೆ ತೆಗೆಯುವುದು ಕಷ್ಟ, ಉಕ್ಕಿನ ಬ್ರಷ್ಷಿನಲ್ಲಿ ಉಜ್ಜಿದರೆ ಅಕ್ಷರವೂ ಹೋಗುತ್ತದೆ. ಸಿಮೆಂಟಿನ ಕಟ್ಟೆ ಕಟ್ಟುವಾಗ ಕಲ್ಲನ್ನು ಅರ್ಧಕ್ಕೆ ಹುಗಿಯುವುದೂ ಬೇಡ, ಕೆಳಗಿನ ಪಟ್ಟಿಕೆಯ ಬರಹ ಅದರೊಳಗೇ ಹೂತುಹೋಗುತ್ತದೆ. ರಸ್ತೆ ವರ್ಷವರ್ಷಕ್ಕೆ ಎತ್ತರವಾಗುತ್ತ ಬಂದ ಊರುಗಳಲ್ಲಿ ಎಷ್ಟೋ ಕಲ್ಲುಗಳ ಕಾಳಗ ಈಗಾಗಲೇ ನೆಲದಡಿ ಸೇರಿದೆ.

ಓದಿಸುವುದಕ್ಕೆ ದಾರಿಗಳಿವೆ. ಮೈಸೂರಿನಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗವಿದೆ. ಒದ್ದೆ ಕಾಗದ ಅಂಟಿಸಿ ಮಸಿ ಬಡಿದು ಅಚ್ಚು ತೆಗೆಯುವುದು ಅವರ ಹಳೆಯ ಪದ್ಧತಿ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಲ್ಲಿ ಹಿಡಿಯುತ್ತಿದೆ. ಕಣ್ಣಿಗೆ ಸವೆದಂತೆ ಕಾಣುವ ಅಕ್ಷರವನ್ನೂ ಆ ಯಂತ್ರ ಎತ್ತಿ ತೋರಿಸುತ್ತದೆ.

ಇವರಿಗೆ ಬರೆದು ಕಳಿಸುವುದಕ್ಕೆ ಮೊದಲು ಫೋಟೋ ಬೇಕಲ್ಲ. ನಡುಹಗಲಿನ ಬಿಸಿಲಲ್ಲಿ ತೆಗೆದರೆ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ, ಏನೂ ಸಿಗುವುದಿಲ್ಲ. ಬಟ್ಟೆಯಿಂದ ದೂಳು ಒರೆಸಿ ಕತ್ತಲಾದ ಮೇಲೆ ಹೋಗಬೇಕು. ಟಾರ್ಚನ್ನು ಎದುರಿಗೆ ಹಿಡಿಯದೆ ಕಲ್ಲಿನ ಮೈಗೆ ತಗಲಿದ ಹಾಗೆ ಪಕ್ಕದಿಂದ ಹಿಡಿದು ನಿಧಾನವಾಗಿ ಸರಿಸಿದರೆ, ಹಗಲು ಬರೀ ಬಿರುಕಿನಂತಿದ್ದ ಕಡೆ ನೆರಳು ತುಂಬಿ ಒಂದೊಂದೇ ಅಕ್ಷರ ಮೇಲೇಳುತ್ತದೆ.